ರಾಜ್ಯಪಾಲರಿಗೂ ಸರ್ಕಾರಕ್ಕೂ ಜಗಳ ಬಂದರೆ ಯಾವ ಬಾಗಿಲು ಬಡಿಯಬೇಕು? 131ಕ್ಕೆ ಟಿಕ್ ಹಾಕಿ ಅಂಕ ಕಳೆದುಕೊಂಡೆ

ಸಪ್ತಾಪುರ ರೀಡಿಂಗ್ ರೂಮ್ · ಭಾನುವಾರ, ಸಂಜೆ 6:10

ಧಾರವಾಡದಲ್ಲಿ ಕೆಎಎಸ್‌ಗೆ ಓದುತ್ತಿದ್ದೇನೆ. ಇವತ್ತು ಬೆಳಿಗ್ಗೆ ಮಾಕ್ ಟೆಸ್ಟ್ ಇತ್ತು. ಅದರಲ್ಲಿನ ಒಂದು ಪ್ರಶ್ನೆ ಮಧ್ಯಾಹ್ನದಿಂದ ತಲೆ ತಿನ್ನುತ್ತಿದೆ.

ರಾಜ್ಯಪಾಲರು ಮಸೂದೆಗೆ ಸಹಿ ಹಾಕದೆ ಇಟ್ಟುಕೊಂಡು ಕುಳಿತರೆ ರಾಜ್ಯ ಸರ್ಕಾರ ಯಾವ ವಿಧಿಯಡಿ ಸುಪ್ರೀಂ ಕೋರ್ಟಿಗೆ ಹೋಗುತ್ತದೆ? ಆಯ್ಕೆಗಳು 32, 131, 143, 262. ನಾನು ಕಣ್ಣು ಮುಚ್ಚಿ 131 ಎಂದು ಬರೆದೆ. ಸಂಸ್ಥೆ ಸಂಸ್ಥೆ ನಡುವಿನ ಜಗಳ ಅಂದರೆ 131 ತಾನೇ? ಕೀ ಉತ್ತರದಲ್ಲಿ 32 ಅಂತ ಇದೆ. 32 ಅಂದರೆ ಮೂಲಭೂತ ಹಕ್ಕು. ಸರ್ಕಾರಕ್ಕೆ ಎಂಥಾ ಮೂಲಭೂತ ಹಕ್ಕು? ಸರ್ ಹತ್ತಿರ ಕೇಳಿದರೆ "ಸುಮ್ನೆ ನೆನಪಿಟ್ಟುಕೋ" ಅಂದರು. ಯಾರಾದರೂ ಬಿಡಿಸಿ ಹೇಳ್ತೀರಾ?

ಪಿ.ಬಿ. ರೋಡ್ ವಕೀಲ · ಸಂಜೆ 7:02

ಕೀ ಉತ್ತರ ಸರಿ ಇದೆ. ನಿಮ್ಮ ಅನುಮಾನವೂ ಸರಿ ಇದೆ.

131 ಎಂದರೆ ಕೇಂದ್ರ ಸರ್ಕಾರಕ್ಕೂ ರಾಜ್ಯಕ್ಕೂ, ಇಲ್ಲವೇ ರಾಜ್ಯ ರಾಜ್ಯಗಳ ನಡುವೆ ನಡೆಯುವ ದಾವೆ. ಕಾನೂನಿನ ಹಕ್ಕಿನ ಪ್ರಶ್ನೆ ಇರಬೇಕು, ಬರೀ ರಾಜಕೀಯ ಮುನಿಸು ಸಾಲದು. ಆ ವಿಧಿಯಲ್ಲಿ ರಾಜ್ಯಪಾಲರ ಹೆಸರಿಲ್ಲ. ಸ್ಪೀಕರ್ ಇಲ್ಲ, ವಿಧಾನಸಭೆ ಇಲ್ಲ, ಚುನಾವಣಾ ಆಯೋಗವೂ ಇಲ್ಲ. ನಮ್ಮ ಸಂವಿಧಾನ ಇವರೆಲ್ಲರಿಗೂ ಅಧಿಕಾರ ಹಂಚಿತು. ಹಂಚಿಕೆಯಲ್ಲಿ ಜಗಳ ಬಂದರೆ ಎಲ್ಲಿಗೆ ಹೋಗಬೇಕು ಎಂದು ಮಾತ್ರ ಬಿಡಿಸಿ ಬರೆಯಲಿಲ್ಲ.

ಹಾಗಾಗಿ ಇಂಥ ಜಗಳಗಳು ವೇಷ ಹಾಕಿಕೊಂಡು ಕೋರ್ಟಿಗೆ ಬರುತ್ತವೆ. ಪಂಜಾಬ್ 2023ರಲ್ಲಿ 32ರಡಿ ಬಂತು. ಆ ಕೇಸಿನ ಹೆಸರು ನೋಡಿ, ಎದುರಾಳಿ ರಾಜ್ಯಪಾಲರಲ್ಲ, "ರಾಜ್ಯಪಾಲರ ಪ್ರಧಾನ ಕಾರ್ಯದರ್ಶಿ". 361ನೇ ವಿಧಿ ಪ್ರಕಾರ ರಾಜ್ಯಪಾಲರು ತಮ್ಮ ಅಧಿಕಾರದ ಕೆಲಸಕ್ಕೆ ಕೋರ್ಟಿನಲ್ಲಿ ಉತ್ತರ ಕೊಡಬೇಕಾಗಿಲ್ಲ, ಅದಕ್ಕೆ. ತಮಿಳುನಾಡು ಕೂಡ ಅದೇ 32 ಹಿಡಿದು ಹೋಯಿತು. ಸರ್ಕಾರಕ್ಕೆ ಯಾವ ಮೂಲಭೂತ ಹಕ್ಕು ಎಂಬ ನಿಮ್ಮ ಪ್ರಶ್ನೆಯನ್ನು ಕೇಂದ್ರದ ಪರ ವಕೀಲರೂ ಕೋರ್ಟಿನಲ್ಲಿ ಕೇಳಿದ್ದಾರೆ. ನೀವು ದೊಡ್ಡವರ ಸಾಲಿನಲ್ಲೇ ಇದ್ದೀರಿ, ಅಂಕ ಮಾತ್ರ ಬರಲಿಲ್ಲ.

ಸಪ್ತಾಪುರ ರೀಡಿಂಗ್ ರೂಮ್ · ಸಂಜೆ 7:15

ಹಾಗಾದರೆ 131ಕ್ಕೆ ನಮ್ಮ ಕರ್ನಾಟಕದ ಒಂದು ಉದಾಹರಣೆ ಕೊಡಿ ಸರ್. ಮೇನ್ಸ್‌ಗೆ ಬೇಕು.

ಪಿ.ಬಿ. ರೋಡ್ ವಕೀಲ · ಸಂಜೆ 7:31

1977. ದೇವರಾಜ ಅರಸು ಮುಖ್ಯಮಂತ್ರಿ. ಕೇಂದ್ರದಲ್ಲಿ ಹೊಸದಾಗಿ ಜನತಾ ಸರ್ಕಾರ ಬಂದಿತ್ತು. ಅರಸು ಸರ್ಕಾರದ ಮೇಲಿನ ಆರೋಪಗಳ ವಿಚಾರಣೆಗೆ ಗ್ರೋವರ್ ಆಯೋಗ ನೇಮಿಸಿತು. ರಾಜ್ಯದ ಮಂತ್ರಿಗಳನ್ನು ವಿಚಾರಿಸಲು ದೆಹಲಿಗೆ ಏನು ಅಧಿಕಾರ ಎಂದು ಕರ್ನಾಟಕ 131ರಡಿ ದಾವೆ ಹಾಕಿತು. "ಇದು ಮಂತ್ರಿಗಳ ತಕರಾರು, ರಾಜ್ಯದ್ದಲ್ಲ, ದಾವೆಯೇ ನಡೆಯುವುದಿಲ್ಲ" ಎಂಬುದು ಕೇಂದ್ರದ ವಾದ. ಏಳು ಜನರ ಪೀಠದ ಬಹುಮತ ಅದನ್ನು ಒಪ್ಪಲಿಲ್ಲ, ದಾವೆ ನಡೆಯುತ್ತದೆ ಎಂದಿತು. ಆಮೇಲೆ ಅದೇ ದಾವೆಯನ್ನು ವಜಾ ಮಾಡಿತು. ಬಾಗಿಲು ತೆರೆಯಿತು, ಒಳಗೆ ಏನೂ ಸಿಗಲಿಲ್ಲ.

ಈಚಿನದು ಬೇಕಾದರೆ ಪಶ್ಚಿಮ ಬಂಗಾಳದ್ದು ಬರೆಯಿರಿ. ಸಿಬಿಐ ತನಿಖೆಗೆ ರಾಜ್ಯ ಕೊಟ್ಟಿದ್ದ ಒಪ್ಪಿಗೆ ವಾಪಸ್ ಪಡೆದ ಮೇಲೂ ಅದು ನಮ್ಮಲ್ಲಿ ಕೇಸು ದಾಖಲಿಸುತ್ತಿದೆ ಎಂಬ ದಾವೆ. ಅದು ವಿಚಾರಣೆಗೆ ಯೋಗ್ಯ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿತು.

ಹಳೇ ಹುಬ್ಬಳ್ಳಿ ಅಜ್ಜ · ರಾತ್ರಿ 8:20

ವಕೀಲರೇ, ಹುಬ್ಬಳ್ಳಿ ಧಾರವಾಡದವರು ಕೂತು ಈ ಮಾತು ಆಡುತ್ತಾ ಬೊಮ್ಮಾಯಿ ಹೆಸರು ಇನ್ನೂ ಬರಲಿಲ್ಲವಲ್ಲ! ಎಸ್.ಆರ್. ಬೊಮ್ಮಾಯಿ ಹುಟ್ಟಿದ್ದು ಶಿಗ್ಗಾಂವಿ ತಾಲ್ಲೂಕಿನ ಕಾರಡಗಿ. ಆರಿಸಿ ಬರುತ್ತಿದ್ದದ್ದು ಹುಬ್ಬಳ್ಳಿ ಗ್ರಾಮೀಣದಿಂದ. ಇಡೀ ದೇಶದ ಲಾ ಕಾಲೇಜುಗಳಲ್ಲಿ ಅವರ ಹೆಸರು ಒಂದು ಕೇಸಾಗಿ ಉಳಿದಿದೆ.

ನಾನು ಆಗ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. 1989ರ ಏಪ್ರಿಲ್ 21ಕ್ಕೆ ಮುಖ್ಯಮಂತ್ರಿ ಬೊಮ್ಮಾಯಿಯವರ ಸರ್ಕಾರ ವಜಾ ಆಯಿತು. ಆ ವಾರ ಬಂದ ಕರಪತ್ರಗಳಿಗೆ ಲೆಕ್ಕವಿಲ್ಲ. ಖಂಡಿಸುವವರದು ಒಂದು ಕಟ್ಟು, ಸ್ವಾಗತಿಸುವವರದು ಒಂದು ಕಟ್ಟು. ಎಲ್ಲದರಲ್ಲೂ "ರಾಷ್ಟ್ರಪತಿ ಆಡಳಿತ" ಇರಲೇಬೇಕು. ಮೊಳೆ ಪೆಟ್ಟಿಗೆಯಲ್ಲಿ ಟಕಾರದ ಒತ್ತಿನ ಮೊಳೆಗಳು ಖಾಲಿಯಾದವು. ಕೊನೆಗೆ ಒಂದು ಫಾರ್ಮ್ ಅಚ್ಚಾಗಿ ಬರುವವರೆಗೆ ಕಾದು, ಅದನ್ನು ಬಿಚ್ಚಿ, ಅದೇ ಮೊಳೆ ತೊಳೆದು ಮುಂದಿನದಕ್ಕೆ ಹಾಕುತ್ತಿದ್ದೆವು. ಬೈಯುವವರ ರಾಷ್ಟ್ರಪತಿಯೇ ಹೊಗಳುವವರ ಕರಪತ್ರಕ್ಕೂ ಹೋದ.

ನನ್ನ ತಕರಾರು ಒಂದೇ. ತೀರ್ಪು ಬಂದದ್ದು ಯಾವಾಗ? 1994ರ ಮಾರ್ಚ್ 11. ವಜಾ ತಪ್ಪು ಎಂದರು. ಸಂತೋಷ. ಅಷ್ಟರಲ್ಲಿ 1989ರ ನವೆಂಬರಿನಲ್ಲಿ ಚುನಾವಣೆ ಆಗಿ, ವೀರೇಂದ್ರ ಪಾಟೀಲರು 178 ಸೀಟು ಗೆದ್ದು, ಅವರೂ ಇಳಿದು, ಬಂಗಾರಪ್ಪ ಬಂದು, ಅವರೂ ಹೋಗಿ, ಮೊಯ್ಲಿ ಕುಳಿತಿದ್ದರು. ಹೆಣ ಸುಟ್ಟ ಮೇಲೆ ಡಾಕ್ಟರು ಬಂದು "ಕಾಯಿಲೆ ಇರಲಿಲ್ಲ" ಎಂದ ಹಾಗೆ.

ಪಿ.ಬಿ. ರೋಡ್ ವಕೀಲ · ರಾತ್ರಿ 8:55

ಅಜ್ಜಾ, ಬೊಮ್ಮಾಯಿಯವರನ್ನು ಬಿಟ್ಟಿರಲಿಲ್ಲ, ನಿಮ್ಮಂಥವರು ಎತ್ತಲಿ ಎಂದು ಕಾಯುತ್ತಿದ್ದೆ.

ಓದುವ ಹುಡುಗನಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. 19 ಶಾಸಕರು ಬೆಂಬಲ ವಾಪಸ್ ಪಡೆದಿದ್ದಾರೆ ಎಂಬ ಪತ್ರಗಳು ರಾಜ್ಯಪಾಲ ವೆಂಕಟಸುಬ್ಬಯ್ಯನವರ ಕೈ ಸೇರಿದವು. ಅವರು ದೆಹಲಿಗೆ ವರದಿ ಕಳಿಸಿದರು. ಮರುದಿನವೇ ಅದರಲ್ಲಿ ಏಳು ಜನ "ನಮ್ಮ ಸಹಿಯನ್ನು ತಪ್ಪು ಹೇಳಿ ಪಡೆದರು" ಎಂದು ಬರೆದುಕೊಟ್ಟರು. ಬೊಮ್ಮಾಯಿ ಹೋಗಿ "ಏಪ್ರಿಲ್ 27ಕ್ಕೆ ಸದನ ಕರೆದಿದ್ದೇನೆ, ಬೇಕಾದರೆ ಇನ್ನೂ ಮುಂಚೆ ಕರೆಯುತ್ತೇನೆ, ಅಲ್ಲೇ ಎಣಿಸಿ" ಎಂದರು. ರಾಜ್ಯಪಾಲರು ಒಪ್ಪಲಿಲ್ಲ. ಅವರು ತಮ್ಮ ಕೊಠಡಿಯಲ್ಲೇ ಕುಳಿತು ತಲೆ ಎಣಿಸಿದ್ದರು. ಹೈಕೋರ್ಟಿನಲ್ಲಿ ಬೊಮ್ಮಾಯಿ ಸೋತರು.

ಒಂಬತ್ತು ನ್ಯಾಯಮೂರ್ತಿಗಳು ಕೊನೆಗೆ ಹೇಳಿದ್ದು: ಬಹುಮತ ಎಣಿಸುವ ಜಾಗ ಸದನ, ರಾಜಭವನವಲ್ಲ. ರಾಷ್ಟ್ರಪತಿ ಆಡಳಿತ ಹೇರುವ 356ನೇ ವಿಧಿಯ ಘೋಷಣೆಯನ್ನು ಕೋರ್ಟು ಪರೀಕ್ಷಿಸಬಹುದು. ಸಂಸತ್ತು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸಬಾರದು, ಅಮಾನತಿನಲ್ಲಿ ಇಡಬಹುದು ಅಷ್ಟೇ. ಘೋಷಣೆ ತಪ್ಪಾಗಿದ್ದರೆ ಹಳೆಯ ಸರ್ಕಾರವನ್ನೇ ಮತ್ತೆ ಕೂರಿಸುವ ಅಧಿಕಾರ ಕೋರ್ಟಿಗಿದೆ. ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯದ ವಜಾ ತಪ್ಪು ಎಂದರು. 1992ರ ಡಿಸೆಂಬರಿನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲದಲ್ಲಿ ಆದ ವಜಾ ಸರಿ ಎಂದರು.

ಬೊಮ್ಮಾಯಿಗೆ ಕುರ್ಚಿ ಸಿಗಲಿಲ್ಲ, ನಿಜ. ಆದರೆ 2018ರ ಮೇ ತಿಂಗಳು ನೆನಪಿದೆಯಾ? ಬಹುಮತ ತೋರಿಸಲು ಯಡಿಯೂರಪ್ಪನವರಿಗೆ ರಾಜ್ಯಪಾಲರು 15 ದಿನ ಕೊಟ್ಟರು. ಎದುರು ಪಕ್ಷದವರು ನಡುರಾತ್ರಿ ಸುಪ್ರೀಂ ಕೋರ್ಟಿಗೆ ಓಡಿದರು. ಮೂವರು ನ್ಯಾಯಮೂರ್ತಿಗಳು ಬೆಳಗಿನ ಜಾವದವರೆಗೆ ಕೇಳಿದರು. ಪ್ರಮಾಣವಚನ ತಡೆಯಲಿಲ್ಲ. ಮರುದಿನ ಮಾತ್ರ 15 ದಿನವನ್ನು ಕಿತ್ತು "ನಾಳೆ ಸಂಜೆ ನಾಲ್ಕಕ್ಕೆ ಸದನದಲ್ಲಿ ತೋರಿಸಿ" ಎಂದರು. ಮತ ಎಣಿಸುವ ಮೊದಲೇ ರಾಜೀನಾಮೆ ಬಂತು. 1994ರಲ್ಲಿ ಹಾಕಿದ ದಾರಿ ಇಲ್ಲದಿದ್ದರೆ 2018ರಲ್ಲಿ ನಡುರಾತ್ರಿ ಎದ್ದು ಏನೆಂದು ಕೇಳುತ್ತಿದ್ದರು?

ಹಿರೇಕೆರೂರ ಕಡೆಯವ · ರಾತ್ರಿ 9:30

2018 ಹೇಳಿದಿರಿ, 2019 ಯಾಕೆ ಬಿಟ್ಟಿರಿ? ನಮ್ಮ ಹಾವೇರಿ ಜಿಲ್ಲೆಯ ಎರಡು ಕ್ಷೇತ್ರ ಅದರಲ್ಲಿ ಸಿಕ್ಕಿಬಿದ್ದಿದ್ದವು. ಹಿರೇಕೆರೂರು ಮತ್ತು ರಾಣೆಬೆನ್ನೂರು.

ಶಾಸಕರು ರಾಜೀನಾಮೆ ಕೊಟ್ಟರು. ಸ್ಪೀಕರ್ ಅಂಗೀಕರಿಸಲಿಲ್ಲ. ಅವರು ಕೋರ್ಟಿಗೆ ಹೋದರು. ಜುಲೈ 17ಕ್ಕೆ ಕೋರ್ಟ್ ಏನು ಹೇಳಿತು ಗೊತ್ತಾ? ಸ್ಪೀಕರ್ ತಮಗೆ ಬೇಕಾದ ಹೊತ್ತಿಗೆ ತೀರ್ಮಾನಿಸಲಿ, ಶಾಸಕರನ್ನು ಸದನಕ್ಕೆ ಬರಲೇಬೇಕೆಂದು ಬಲವಂತ ಮಾಡಬೇಡಿ. ಅವರಿಗೂ ಅರ್ಧ, ಇವರಿಗೂ ಅರ್ಧ. ಆ ಎರಡನೇ ಅರ್ಧದಲ್ಲೇ ಸರ್ಕಾರ ಬಿತ್ತು, 99ಕ್ಕೆ 105. ಆಮೇಲೆ ಸ್ಪೀಕರ್ 17 ಜನರನ್ನು ಅನರ್ಹ ಮಾಡಿ, ಆ ವಿಧಾನಸಭೆಯ ಅವಧಿ ಮುಗಿಯುವವರೆಗೂ ನಿಲ್ಲುವ ಹಾಗಿಲ್ಲ ಎಂದರು. ನವೆಂಬರ್ 13ಕ್ಕೆ ಮತ್ತೆ ಕೋರ್ಟ್: ಅನರ್ಹತೆ ಸರಿ, ಅವಧಿ ಹೇರುವ ಅಧಿಕಾರ ಸ್ಪೀಕರ್‌ಗೆ ಇಲ್ಲ. ಮತ್ತೆ ಅರ್ಧ ಅರ್ಧ. ಡಿಸೆಂಬರ್ 5ಕ್ಕೆ ನಮ್ಮೂರಲ್ಲಿ ಉಪಚುನಾವಣೆ.

ನಮ್ಮಪ್ಪ ಹೋಟೆಲಿನಲ್ಲಿ ಕೇಳಿದರು, "ತಪ್ಪು ಮಾಡ್ಯಾರ ಅಂತ ಕೋರ್ಟೇ ಹೇಳೇತಿ, ಮತ್ತ ಅವರಿಗೇ ವೋಟು ಹಾಕು ಅಂತೀರಲ್ಲ, ಹ್ಯಾಂಗ?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ಗೆದ್ದದ್ದು ಅದೇ ಬಿ.ಸಿ. ಪಾಟೀಲರು, ಬೇರೆ ಚಿಹ್ನೆಯಿಂದ.

ಪಿ.ಬಿ. ರೋಡ್ ವಕೀಲ · ರಾತ್ರಿ 9:48

ನಿಮ್ಮಪ್ಪನ ಪ್ರಶ್ನೆಗೆ ಕಾನೂನಿನ ಉತ್ತರ ಇದೆ, ಮನಸ್ಸಿಗೆ ಒಪ್ಪುವ ಉತ್ತರ ಇಲ್ಲ. ಸ್ಪೀಕರ್ ಕೈಯಲ್ಲಿ ಏನಿದೆ, ಏನಿಲ್ಲ ಎಂದು ಗೆರೆ ಎಳೆಯುವುದು ಕೋರ್ಟಿನ ಕೆಲಸ. ಯಾರಿಗೆ ವೋಟು ಹಾಕಬೇಕು ಎಂಬುದು ನಿಮ್ಮಪ್ಪನ ಕೆಲಸ. ಸ್ಪೀಕರ್ ತೀರ್ಮಾನವನ್ನು ಕೋರ್ಟು ನೋಡಬಹುದು ಎಂದದ್ದೇ 1992ರಲ್ಲಿ, ಕಿಹೋಟೊ ಹೊಲ್ಲೊಹಾನ್ ಕೇಸಿನಲ್ಲಿ, ಅದೂ 3–2ರ ಬಹುಮತದಿಂದ. ಸ್ಪೀಕರ್ ವರ್ಷಗಟ್ಟಲೆ ಕುಳಿತುಬಿಟ್ಟರೆ? 2020ರ ಮಣಿಪುರದ ಕೇಸಿನಲ್ಲಿ ಸಾಮಾನ್ಯವಾಗಿ ಮೂರು ತಿಂಗಳು ಎಂದರು.

ಕಪ್ಪತಗುಡ್ಡದ ಗಾಳಿ · ರಾತ್ರಿ 10:15

ಗದಗಿನಿಂದ ಒಂದು ಅಡ್ಡಮಾತು. ಎಲ್ಲರೂ ಕೋರ್ಟು ಅಂಪೈರ್ ಎಂದುಕೊಂಡೇ ಮಾತಾಡುತ್ತಿದ್ದೀರಿ. ಅಂಪೈರ್ ಕೂಡ ಒಂದು ಸಂಸ್ಥೆಯೇ ಅಲ್ವಾ? ಜಗಳ ಕೋರ್ಟಿಗೂ ಶಾಸನಸಭೆಗೂ ನಡುವೆ ಬಂದರೆ? ತನ್ನ ಕೇಸನ್ನು ತಾನೇ ಕೇಳುತ್ತದಾ? ನಾವು ವೋಟು ಹಾಕಿ ಕಳಿಸಿದವರ ಮೇಲೆ, ಯಾರೂ ವೋಟು ಹಾಕದವರು ಕುಳಿತು ಗೆರೆ ಎಳೆಯುವುದು ನನಗೆ ಅಷ್ಟು ಸುಲಭಕ್ಕೆ ಗಂಟಲಲ್ಲಿ ಇಳಿಯುವುದಿಲ್ಲ.

ಪಿ.ಬಿ. ರೋಡ್ ವಕೀಲ · ರಾತ್ರಿ 11:05

ಅಂಥದ್ದೂ ಆಗಿದೆ. 1964, ಉತ್ತರ ಪ್ರದೇಶ. ಈ ಕಥೆ ನನಗೆ ತುಂಬಾ ಇಷ್ಟ, ಸ್ವಲ್ಪ ಉದ್ದ ಆಗುತ್ತದೆ.

ಗೋರಖ್‌ಪುರದ ಕೇಶವ್ ಸಿಂಗ್ ಎಂಬಾತ ಒಬ್ಬ ಶಾಸಕರ ಮೇಲೆ ಕರಪತ್ರ ಹಾಕಿದ. ಹಕ್ಕುಚ್ಯುತಿ ಎಂದು ವಿಧಾನಸಭೆ ಲಖನೌಗೆ ಕರೆಯಿತು. ರೈಲಿಗೆ ಕಾಸಿಲ್ಲ ಎಂದು ಹೇಳಿ ಕಳಿಸಿದ. ಹಿಡಿದು ತಂದು ನಿಲ್ಲಿಸಿದರು. ಸ್ಪೀಕರ್‌ಗೆ ಬೆನ್ನು ಮಾಡಿ ನಿಂತ. ಏಳು ದಿನ ಜೈಲು. ಇನ್ನೇನು ಮುಗಿಯಬೇಕು ಅನ್ನುವಾಗ ಅವನ ವಕೀಲರು ಹೈಕೋರ್ಟಿಗೆ ಹೋದರು. ಇಬ್ಬರು ನ್ಯಾಯಮೂರ್ತಿಗಳು ಜಾಮೀನು ಕೊಟ್ಟರು.

ಸದನಕ್ಕೆ ಸಿಟ್ಟು ನೆತ್ತಿಗೇರಿತು. ಕೇಶವ್ ಸಿಂಗ್, ಅವನ ವಕೀಲ, ಜಾಮೀನು ಕೊಟ್ಟ ಇಬ್ಬರು ನ್ಯಾಯಮೂರ್ತಿಗಳು, ನಾಲ್ವರನ್ನೂ ಹಿಡಿದು ಸದನಕ್ಕೆ ತನ್ನಿ ಎಂದು ಗೊತ್ತುವಳಿ ಮಾಡಿತು. ನ್ಯಾಯಮೂರ್ತಿಗಳನ್ನು ಹಿಡಿದು ತರುವುದು! ಆ ಇಬ್ಬರೂ ತಮ್ಮದೇ ಹೈಕೋರ್ಟಿನಲ್ಲಿ ಅರ್ಜಿದಾರರಾದರು. ಅಲಹಾಬಾದಿನಲ್ಲಿ 28 ನ್ಯಾಯಮೂರ್ತಿಗಳು ಒಂದೇ ಪೀಠವಾಗಿ ಕುಳಿತು ಗೊತ್ತುವಳಿಗೆ ತಡೆ ಕೊಟ್ಟರು. ಒಬ್ಬನ ಕರಪತ್ರದಿಂದ ಶುರುವಾದದ್ದು ಇಲ್ಲಿಗೆ ಬಂತು. ಕೊನೆಗೆ ರಾಷ್ಟ್ರಪತಿಗಳು 143ನೇ ವಿಧಿಯಡಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ರೀಡಿಂಗ್ ರೂಮ್, ನಿಮ್ಮ ಮೂರನೇ ಆಯ್ಕೆ ಇದು.

ಆಗ ಮುಖ್ಯ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್. ಹೆಸರಿನಲ್ಲೇ ನಿಮ್ಮ ಜಿಲ್ಲೆಯ ಗಜೇಂದ್ರಗಡ ಇದೆ, ಎರಡು ವರ್ಷ ನಮ್ಮ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಅವರ ಏಳು ಜನರ ಪೀಠ ಬಹುಮತದಿಂದ ಹೇಳಿತು: ಇಲ್ಲಿ ಸಂವಿಧಾನ ದೊಡ್ಡದು, ಸದನವೂ ಅಲ್ಲ, ಕೋರ್ಟೂ ಅಲ್ಲ. ಸಂವಿಧಾನ ಏನು ಹೇಳುತ್ತದೆ ಎಂಬುದನ್ನು ಓದಿ ಹೇಳುವ ಕೆಲಸ ಮಾತ್ರ ಕೋರ್ಟಿನದು. ಜಾಮೀನು ಕೊಟ್ಟದ್ದು ತಪ್ಪಲ್ಲ.

ಮರುವರ್ಷ ಹೈಕೋರ್ಟು ಕೇಶವ್ ಸಿಂಗ್‌ನ ಅರ್ಜಿಯನ್ನು ವಜಾ ಮಾಡಿತು. ಉಳಿದ ಶಿಕ್ಷೆ ಮುಗಿಸಲು ಅವನು ಮತ್ತೆ ಜೈಲಿಗೆ ಹೋದ.

ಕಪ್ಪತಗುಡ್ಡದ ಗಾಳಿ · ರಾತ್ರಿ 11:20

ಕಥೆ ಚೆನ್ನಾಗಿದೆ. ನನ್ನ ಪ್ರಶ್ನೆಗೆ ಉತ್ತರ ಆಗಲಿಲ್ಲ. "ನಾನು ದೊಡ್ಡವನಲ್ಲ, ಪುಸ್ತಕ ದೊಡ್ಡದು, ಆದರೆ ಓದುವವನು ನಾನೇ" ಅಂದರೆ ಏನು ಅರ್ಥ ಸ್ವಾಮಿ? ಮಲಗುತ್ತೇನೆ.

ಕಾರ್ಲ್ಸ್‌ರೂಹೆಯ ಕನ್ನಡಿಗ · ಸೋಮವಾರ, ಬೆಳಗಿನ ಜಾವ 2:40

ಧಾರವಾಡದ ಮಾಳಮಡ್ಡಿಯವನು, ಈಗ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸಾಫ್ಟ್‌ವೇರ್ ಕೆಲಸ. ಇಲ್ಲಿನ್ನೂ ರಾತ್ರಿಯೇ. ನಮ್ಮ ಊರಿನಲ್ಲೇ ಇವರ ಸಂವಿಧಾನ ನ್ಯಾಯಾಲಯ ಇದೆ. ಅರಮನೆ ತೋಟದ ಪಕ್ಕ, ಗಾಜಿನ ಗೋಡೆಯ ತಗ್ಗು ಕಟ್ಟಡ. ಮೊದಲ ಸಲ ನೋಡಿದಾಗ ಯಾವುದೋ ಲೈಬ್ರರಿ ಅಂದುಕೊಂಡಿದ್ದೆ. ಗುಮ್ಮಟ ಇಲ್ಲ, ಕಂಬ ಇಲ್ಲ.

ವಕೀಲರು ವೇಷ ಹಾಕಿ ಬರುತ್ತವೆ ಎಂದರಲ್ಲ, ಇಲ್ಲಿ ವೇಷ ಬೇಕಿಲ್ಲ. ಈ ಜಗಳಕ್ಕೆ ಅಂತಲೇ ಒಂದು ಕೇಸಿನ ಬಗೆ ಇದೆ, ಓರ್ಗಾನ್‌ಸ್ಟ್ರೈಟ್ ಅನ್ನುತ್ತಾರೆ. ಅಂಗಗಳ ಜಗಳ ಎಂದೇ ಅರ್ಥ. ಸಂಸತ್ತು, ಸರ್ಕಾರ, ರಾಷ್ಟ್ರಾಧ್ಯಕ್ಷರು, ಸಂಸತ್ತಿನ ಒಂದು ಪಕ್ಷದ ಗುಂಪು, ಅಷ್ಟೇಕೆ ಒಬ್ಬ ಸಂಸದ ಕೂಡ "ನನ್ನ ಅಧಿಕಾರಕ್ಕೆ ಕೈ ಹಾಕಿದರು" ಎಂದು ಬರಬಹುದು. ವಿಷಯ ಗೊತ್ತಾದ ಆರು ತಿಂಗಳೊಳಗೆ ಬರಬೇಕು.

ಅಜ್ಜನ ತಕರಾರಿಗೆ ಒಂದು ಹೋಲಿಕೆ. 2005ರಲ್ಲಿ ಚಾನ್ಸಲರ್ ಶ್ರೋಡರ್ ಬೇಕೆಂದೇ ವಿಶ್ವಾಸಮತ ಸೋತು ಸಂಸತ್ತು ವಿಸರ್ಜನೆ ಮಾಡಿಸಿದರು. ಜುಲೈ 21ಕ್ಕೆ ಅಧ್ಯಕ್ಷರ ಆದೇಶ. ಇದು ನಾಟಕ ಎಂದು ಇಬ್ಬರು ಸಂಸದರು ಕೋರ್ಟಿಗೆ ಹೋದರು. ಆಗಸ್ಟ್ 25ಕ್ಕೆ ತೀರ್ಪು, ಸೆಪ್ಟೆಂಬರ್ 18ಕ್ಕೆ ಚುನಾವಣೆ. ಸಂಸದರು ಸೋತರು, ಬೇರೆ ಮಾತು. ಉತ್ತರ ಮಾತ್ರ ಚುನಾವಣೆಗೆ ಮುಂಚೆ ಬಂತು.

ಗಾಳಿಯವರೇ, ನಿಮ್ಮ ಪ್ರಶ್ನೆಗೂ ಸ್ವಲ್ಪ. ಇಲ್ಲಿನ 16 ನ್ಯಾಯಮೂರ್ತಿಗಳಲ್ಲಿ ಅರ್ಧ ಜನರನ್ನು ಸಂಸತ್ತಿನ ಕೆಳಮನೆ, ಅರ್ಧ ಜನರನ್ನು ರಾಜ್ಯಗಳ ಮನೆ ಆರಿಸುತ್ತವೆ. ಮೂರನೇ ಎರಡರಷ್ಟು ಮತ ಬೇಕು, ಹಾಗಾಗಿ ಒಂದೇ ಪಕ್ಷ ತನ್ನವರನ್ನು ತುಂಬುವುದು ಕಷ್ಟ. 12 ವರ್ಷ, ಮತ್ತೆ ಇಲ್ಲ. ಇನ್ನೊಂದು ವಿಚಿತ್ರ ಅಂದರೆ, ಇಂಥ ಕೇಸಿನಲ್ಲಿ ಕೋರ್ಟು ಏನನ್ನೂ ರದ್ದು ಮಾಡುವುದಿಲ್ಲ. "ನೀವು ಮಾಡಿದ್ದು ಸಂವಿಧಾನದ ಉಲ್ಲಂಘನೆ" ಎಂದು ಹೇಳಿ ಸುಮ್ಮನಾಗುತ್ತದೆ. ಎದುರಿನವರು ಅದರಂತೆ ನಡೆದುಕೊಳ್ಳುತ್ತಾರೆ. ಸೈನ್ಯವನ್ನು ಹೊರದೇಶಕ್ಕೆ ಕಳಿಸಲು ಸಂಸತ್ತಿನ ಒಪ್ಪಿಗೆ ಬೇಕು ಎಂದು 1994ರಲ್ಲಿ ಹೇಳಿದ್ದೂ ಇಂಥದ್ದೇ ಕೇಸಿನಲ್ಲಿ.

ಹಳೇ ಹುಬ್ಬಳ್ಳಿ ಅಜ್ಜ · ಬೆಳಿಗ್ಗೆ 6:15

ಅದೇ 1994. ಅವರಿಗೆ ಸೈನ್ಯ, ನಮಗೆ ಬೊಮ್ಮಾಯಿ. ತಮ್ಮಾ, ಬರೀ ಹೇಳಿದರೆ ಕೇಳುತ್ತಾರೆ ಅಂದೆಯಲ್ಲ, ಅದನ್ನು ಸ್ವಲ್ಪ ಪಾರ್ಸಲ್ ಮಾಡಿ ಕಳಿಸು.

ನರಗುಂದದ ಎರೆಹೊಲ · ಬೆಳಿಗ್ಗೆ 8:30

ನಾಲ್ಕನೇ ಆಯ್ಕೆ 262 ಬಗ್ಗೆ ಯಾರೂ ಮಾತೇ ಎತ್ತಿಲ್ಲ. ನಮಗೆ ಗೊತ್ತಿರುವ ವಿಧಿ ಅದೊಂದೇ.

ನದಿ ನೀರಿನ ಜಗಳಕ್ಕೆ ಕೋರ್ಟಿನ ಬಾಗಿಲಿಗೆ ಬೀಗ ಹಾಕುವ ಅಧಿಕಾರವನ್ನು 262 ಸಂಸತ್ತಿಗೆ ಕೊಟ್ಟಿದೆ. 1956ರ ಕಾಯ್ದೆಯಲ್ಲಿ ಬೀಗ ಹಾಕಿಯೂ ಆಯಿತು. ನ್ಯಾಯಮಂಡಳಿಗೇ ಹೋಗಬೇಕು. ಮಹದಾಯಿ ನ್ಯಾಯಮಂಡಳಿ ರಚನೆ ಆದದ್ದು 2010. ನಾವು ನರಗುಂದದಲ್ಲಿ ಧರಣಿ ಕೂತದ್ದು 2015ರ ಜುಲೈ. ಐತೀರ್ಪು ಬಂದದ್ದು 2018ರ ಆಗಸ್ಟ್. ಕರ್ನಾಟಕಕ್ಕೆ 13.42 ಟಿಎಂಸಿ. ಅದರಲ್ಲಿ ಮಲಪ್ರಭೆಗೆ ತಿರುಗಿಸಿಕೊಳ್ಳಲು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9. ಗೆಜೆಟ್‌ನಲ್ಲಿ ಬಂದದ್ದು 2020ರ ಫೆಬ್ರವರಿ, ಅದಕ್ಕೂ ಸುಪ್ರೀಂ ಕೋರ್ಟಿನ ಒಪ್ಪಿಗೆ ಬೇಕಾಯಿತು. ಬೀಗ ಹಾಕಿದ್ದಾರೆ ಎಂದರೂ ಗೋವಾ, ಮಹಾರಾಷ್ಟ್ರ, ಕರ್ನಾಟಕ ಮೂರೂ ಅಲ್ಲಿಗೇ ಹೋಗಿ ನಿಂತಿವೆ.

ಪೆಂಡಾಲಿಗೆ ನೆಟ್ಟ ಬಿದಿರಿಗೆ ಗೆದ್ದಲು ಹತ್ತಿ ಎರಡು ಸಲ ಬದಲಿಸಿದೆವು. ಬಿದಿರು ಕೊಟ್ಟವ ಕೊನೆಗೆ ಬಾಡಿಗೆ ಬೇಡ ಅಂದ. ಜಗಳ ತೀರಿಸಲು ಸಂಸ್ಥೆ ಇದೆ, ತೀರ್ಪೂ ಇದೆ. ಹುಬ್ಬಳ್ಳಿಯಲ್ಲಿರುವ ನನ್ನ ಮಗಳ ಓಣಿಗೆ ನೀರು ಬರುವ ದಿನ ಈಗಲೂ ಅವಳು ಕೆಲಸಕ್ಕೆ ರಜೆ ಹಾಕುತ್ತಾಳೆ.

ಪಿ.ಬಿ. ರೋಡ್ ವಕೀಲ · ಬೆಳಿಗ್ಗೆ 9:05

ಬೀಗದ ವಿಷಯ ಮಾತ್ರ ಹೇಳಿ ಕೋರ್ಟಿಗೆ ಓಡುತ್ತೇನೆ. ನ್ಯಾಯಮಂಡಳಿಯ ಐತೀರ್ಪಿನ ಮೇಲೆ ಮೇಲ್ಮನವಿ ಕೇಳಬಹುದು ಎಂದು ಕಾವೇರಿ ಕೇಸಿನಲ್ಲಿ 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. 136ನೇ ವಿಧಿ ಸಂವಿಧಾನ ತಾನೇ ಕೊಟ್ಟ ಅಧಿಕಾರ, ಕಾಯ್ದೆಯ ಬೀಗ ಅದಕ್ಕೆ ತಾಗುವುದಿಲ್ಲ ಎಂಬ ಲೆಕ್ಕ. ಅದರಿಂದಲೇ 2018ರಲ್ಲಿ ಕರ್ನಾಟಕಕ್ಕೆ 14.75 ಟಿಎಂಸಿ ಜಾಸ್ತಿ ಸಿಕ್ಕಿತು.

ಸಪ್ತಾಪುರ ರೀಡಿಂಗ್ ರೂಮ್ · ಬೆಳಿಗ್ಗೆ 10:40

ಮಸೂದೆಗೆ ವಾಪಸ್ ಬರೋಣವಾ? ಆ ತಮಿಳುನಾಡು ಕೇಸು ಏನಾಯಿತು? ನೋಟ್ಸ್‌ನಲ್ಲಿ ಒಂದು ಕಡೆ "ಗಡುವು ಇದೆ", ಇನ್ನೊಂದು ಕಡೆ "ಗಡುವು ಇಲ್ಲ" ಅಂತ ಇದೆ. ಒಂದೇ ವರ್ಷದ ನೋಟ್ಸ್.

ಪಿ.ಬಿ. ರೋಡ್ ವಕೀಲ · ಮಧ್ಯಾಹ್ನ 1:50

ಎರಡೂ ಸರಿ, ತಿಂಗಳು ಬೇರೆ. 2025ರ ಏಪ್ರಿಲ್ 8ಕ್ಕೆ ಇಬ್ಬರು ನ್ಯಾಯಮೂರ್ತಿಗಳು ರಾಜ್ಯಪಾಲರಿಗೂ ರಾಷ್ಟ್ರಪತಿಗೂ ಗಡುವು ಹಾಕಿದರು. ತಮಿಳುನಾಡಿನ 10 ಮಸೂದೆಗಳಿಗೆ ಒಪ್ಪಿಗೆ ಸಿಕ್ಕಿದಂತೆಯೇ ಎಂದರು. ಮೇ ತಿಂಗಳಲ್ಲಿ ರಾಷ್ಟ್ರಪತಿಗಳು 143ರಡಿ 14 ಪ್ರಶ್ನೆ ಕೇಳಿದರು. ನವೆಂಬರ್ 20ಕ್ಕೆ ಐವರ ಪೀಠದ ಅಭಿಪ್ರಾಯ ಬಂತು: ಸಂವಿಧಾನದಲ್ಲಿ ಇಲ್ಲದ ಗಡುವನ್ನು ಕೋರ್ಟು ಬರೆಯುವ ಹಾಗಿಲ್ಲ. "ಒಪ್ಪಿಗೆ ಸಿಕ್ಕಿದಂತೆಯೇ" ಎಂಬುದೂ ಇಲ್ಲ. ಆದರೆ ರಾಜ್ಯಪಾಲರು ಸದನಕ್ಕೆ ವಾಪಸ್ ಕಳಿಸದೆ ಸುಮ್ಮನೆ ತಡೆಹಿಡಿಯುವ ಹಾಗೂ ಇಲ್ಲ. ಕಾರಣವಿಲ್ಲದೆ ತುಂಬಾ ದಿನ ಎಳೆದರೆ "ಏನಾದರೊಂದು ತೀರ್ಮಾನ ಮಾಡಿ" ಎಂದು ಹೇಳುವಷ್ಟು ಮಾತ್ರ ಕೋರ್ಟಿಗೆ ಸಾಧ್ಯ.

ಗಾಳಿಯವರು ಎದ್ದಿದ್ದರೆ ಗಮನಿಸಲಿ. ಇಲ್ಲಿ ಕೋರ್ಟು ತನ್ನ ಗೆರೆಯನ್ನು ತಾನೇ ಹಿಂದಕ್ಕೆ ಎಳೆದುಕೊಂಡಿದೆ.

ಕಪ್ಪತಗುಡ್ಡದ ಗಾಳಿ · ಮಧ್ಯಾಹ್ನ 2:10

ಎದ್ದಿದ್ದೇನೆ. ಹಿಂದಕ್ಕೆ ಎಳೆದುಕೊಂಡದ್ದಕ್ಕೆ ಸಂತೋಷ. ಆದರೆ "ತುಂಬಾ ದಿನ" ಎಂದರೆ ಎಷ್ಟು ದಿನ ಎಂದು ಹೇಳುವವರು ಯಾರು? ಮತ್ತೆ ಅವರೇ.

ಗೆರೆ ಎಳೆದರೂ ನಿಲ್ಲುತ್ತದೆ ಅಂತಿಲ್ಲ ಬಿಡಿ. ದೆಹಲಿಯ ಅಧಿಕಾರಿಗಳ ಮೇಲಿನ ಹಿಡಿತ ಅಲ್ಲಿನ ಚುನಾಯಿತ ಸರ್ಕಾರದ್ದು, ಕೇಂದ್ರದ್ದಲ್ಲ ಎಂದು 2023ರ ಮೇ 11ಕ್ಕೆ ತೀರ್ಪು ಬಂತು. ಅದನ್ನು ತಿರುಗಿಸಲು ಮೇ 19ಕ್ಕೆ ಕೇಂದ್ರ ಸುಗ್ರೀವಾಜ್ಞೆ ತಂದಿತು. ಎಂಟೇ ದಿನ. ನಮ್ಮ ಊರಿನ ಜಾತ್ರೆಯೂ ಅದಕ್ಕಿಂತ ಜಾಸ್ತಿ ದಿನ ನಡೆಯುತ್ತದೆ.

ಗದಗ ಮಾಜಿ ಸದಸ್ಯೆ · ಸಂಜೆ 4:25

ನಿನ್ನೆಯಿಂದ ಓದುತ್ತಿದ್ದೇನೆ. ಮುಖ್ಯಮಂತ್ರಿ, ರಾಜ್ಯಪಾಲ, ಸ್ಪೀಕರ್ ಎಲ್ಲರೂ ಬಂದರು. ನಮ್ಮ ಪಾಳಿ ಬರಲೇ ಇಲ್ಲ.

ನಾನು ಗದಗ ಜಿಲ್ಲೆಯಲ್ಲಿ ತಾಲ್ಲೂಕು ಪಂಚಾಯಿತಿ ಸದಸ್ಯೆಯಾಗಿದ್ದೆ. 2016ರಲ್ಲಿ ಗೆದ್ದೆ. 2021ರಲ್ಲಿ ನಮ್ಮ ಅವಧಿ ಮುಗಿಯಿತು. ಐದು ವರ್ಷ ಮುಗಿಯುವ ಮೊದಲೇ ಮುಂದಿನ ಚುನಾವಣೆ ಆಗಬೇಕು ಎಂದು ಸಂವಿಧಾನದ 243-ಇ ವಿಧಿಯಲ್ಲೇ ಬರೆದಿದೆ. ನಾಲ್ಕು ವರ್ಷ ಕಳೆದರೂ ಜಿಲ್ಲಾ ಪಂಚಾಯಿತಿಗೂ ತಾಲ್ಲೂಕು ಪಂಚಾಯಿತಿಗೂ ಚುನಾವಣೆ ಆಗಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ ಚುನಾವಣಾ ಆಯೋಗದ ಕೈಯಲ್ಲಿತ್ತು. 2021ರಲ್ಲಿ ಕಾಯ್ದೆ ತಿದ್ದಿ ಸರ್ಕಾರ ಅದನ್ನು ತೆಗೆದುಕೊಂಡಿತು. ಆಮೇಲೆ ಆಯೋಗ ಕೇಳುವುದು, ಸರ್ಕಾರ ಕೊಡುತ್ತೇನೆ ಎನ್ನುವುದು. ಯಾವ ಪಕ್ಷ ಬಂದರೂ ಇದೇ ರಾಗ.

ಹೋದ ತಿಂಗಳು ಏನೋ ಕೆಲಸಕ್ಕೆ ಕಚೇರಿಗೆ ಹೋಗಿದ್ದೆ. ನಮ್ಮ ಸಭಾಂಗಣದ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮುರಿದ ಕುರ್ಚಿ, ಹಳೆಯ ಫೈಲಿನ ಗಂಟು, ಯಾರದೋ ಸೈಕಲ್. ಗೋಡೆಯ ಹಲಗೆಯಲ್ಲಿ ನಮ್ಮ ಹೆಸರುಗಳು ಹಾಗೇ ಇವೆ. ನನ್ನ ಹೆಸರಿನ ಮೇಲೆ ಪಾರಿವಾಳ ಗಲೀಜು ಮಾಡಿತ್ತು. ಸೆರಗಿನಿಂದ ಒರೆಸಿ ಬಂದೆ.

ನನ್ನ ಪ್ರಶ್ನೆ ಇಷ್ಟೇ. 2018ರಲ್ಲಿ ರಾತ್ರಿ ಎರಡು ಗಂಟೆಗೆ ಕೋರ್ಟಿನ ದೀಪ ಹತ್ತಿತಲ್ಲ, ಅದು ನಮಗೆ ಯಾಕೆ ಹತ್ತುವುದಿಲ್ಲ?

ಹಳೇ ಹುಬ್ಬಳ್ಳಿ ಅಜ್ಜ · ಸಂಜೆ 4:50

ತಂಗೀ, ನನ್ನ ಹೆಣ-ಡಾಕ್ಟರು ಮಾತು ವಾಪಸ್ ತಗೊಂಡೆ. ಬೊಮ್ಮಾಯಿಗೆ ಐದು ವರ್ಷಕ್ಕಾದರೂ ಡಾಕ್ಟರು ಬಂದ. ನಮ್ಮ ಹುಬ್ಬಳ್ಳಿ-ಧಾರವಾಡ ಪಾಲಿಕೆಯೂ ಹೀಗೇ ಖಾಲಿ ಕೂತಿತ್ತು, 2021ರ ಸೆಪ್ಟೆಂಬರಿನಲ್ಲಿ 82 ವಾರ್ಡಿಗೆ ಚುನಾವಣೆ ಆಗುವವರೆಗೆ.

ಪಿ.ಬಿ. ರೋಡ್ ವಕೀಲ · ಸಂಜೆ 6:30

ಮೇಡಂ, ನೀವು ಹೇಳಿದ್ದು ನಿಜವಾದ ಅಧಿಕಾರದ ಜಗಳ. ಒಂದು ಕಡೆ ಸಂವಿಧಾನವೇ ಹುಟ್ಟಿಸಿದ ಆಯೋಗ, ಇನ್ನೊಂದು ಕಡೆ ಸರ್ಕಾರ. ಅಹಮದಾಬಾದ್ ಪಾಲಿಕೆಯ ಕೇಸಿನಲ್ಲಿ 2006ರಲ್ಲಿ ಐವರ ಪೀಠ ಇದಕ್ಕೆ ಉತ್ತರ ಕೊಟ್ಟಿದೆ. ಸ್ಥಳೀಯ ಚುನಾವಣೆಯ ಮಟ್ಟಿಗೆ ರಾಜ್ಯ ಚುನಾವಣಾ ಆಯೋಗಕ್ಕೆ ಕೇಂದ್ರ ಆಯೋಗಕ್ಕೆ ಇರುವಷ್ಟೇ ಅಧಿಕಾರ. ಸರ್ಕಾರ ಸಹಕರಿಸದಿದ್ದರೆ ಆಯೋಗ ಹೈಕೋರ್ಟಿಗೆ ಹೋಗಬೇಕು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ನಮ್ಮ ಆಯೋಗ ಹೋಗಿಯೂ ಇದೆ. ಕೋರ್ಟು ಹೇಳುತ್ತದೆ, ಸರ್ಕಾರ ಸಮಯ ಕೇಳುತ್ತದೆ, ಪಟ್ಟಿ ಬರುತ್ತದೆ, ಪಟ್ಟಿಯ ಮೇಲೆ ಆಕ್ಷೇಪ ಬರುತ್ತದೆ.

ದೀಪ ಯಾಕೆ ಹತ್ತುವುದಿಲ್ಲ ಅಂದರೆ, 2018ರಲ್ಲಿ ಕುರ್ಚಿ ತಪ್ಪಿಹೋಗುವವರು ಆ ರಾತ್ರಿಯೇ ಓಡಿದರು. ನಿಮ್ಮ ಸಭಾಂಗಣ ಖಾಲಿ ಇದ್ದರೆ ಶಾಸಕರಿಗೂ ತೊಂದರೆ ಇಲ್ಲ, ಅಧಿಕಾರಿಗಳಿಗೂ ತೊಂದರೆ ಇಲ್ಲ. ಓಡುವವರು ಯಾರು? ಕಾರ್ಲ್ಸ್‌ರೂಹೆಯಲ್ಲಿ ಒಬ್ಬ ಸಂಸದನೂ ಬಾಗಿಲು ಬಡಿಯಬಹುದು ಎಂದದ್ದು ನನಗೆ ಹೊಟ್ಟೆಕಿಚ್ಚು ತಂದದ್ದು ಅದಕ್ಕೇ.

ಆದರೆ 226ನೇ ವಿಧಿಯಡಿ ನೀವೂ ಹೈಕೋರ್ಟಿಗೆ ಬರಬಹುದು, ಮತದಾರಳಾಗಿ. 2008ಕ್ಕೆ ಮುಂಚೆ ಆಗಿದ್ದರೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಎನ್ನಬೇಕಿತ್ತು. ಈಗ ಪೀಠ ಧಾರವಾಡದಲ್ಲೇ ಇದೆ, ಗದಗ ಅದರ ವ್ಯಾಪ್ತಿಗೇ ಬರುತ್ತದೆ. ಇದೇ ವಿಷಯದ ಬೇರೆ ಅರ್ಜಿಗಳು ಯಾವ ಹಂತದಲ್ಲಿವೆ ಎಂದು ಮೊದಲು ನೋಡಬೇಕು. ನಿಮ್ಮ ಅವಧಿ ಯಾವ ತಾರೀಖಿಗೆ ಮುಗಿಯಿತು ಎಂಬುದಕ್ಕೆ ಕಾಗದ ಇದೆಯಾ? ಮೊದಲ ಸಭೆಯ ನಡವಳಿ ಸಿಕ್ಕರೂ ಸಾಕು, ಐದು ವರ್ಷ ಅಲ್ಲಿಂದ ಎಣಿಸುತ್ತಾರೆ.

ಗದಗ ಮಾಜಿ ಸದಸ್ಯೆ · ಸಂಜೆ 7:05

ನಡವಳಿ ಪುಸ್ತಕ ಆ ಸೈಕಲ್ ಹಿಂದಿನ ಗಂಟಿನಲ್ಲೇ ಇರಬೇಕು. ನಾಳೆ ಹೋಗಿ ನಕಲು ಕೇಳುತ್ತೇನೆ. ಬುಧವಾರ ಧಾರವಾಡಕ್ಕೆ ಬಂದರೆ ಸಿಗ್ತೀರಾ?

ಪಿ.ಬಿ. ರೋಡ್ ವಕೀಲ · ಸಂಜೆ 7:12

ಸಿಗುತ್ತೇನೆ. ಬುತ್ತಿ ಕಟ್ಟಿಕೊಂಡು ಬನ್ನಿ, ಆ ದಿನ ನನ್ನ ಕೇಸು 47ನೇದು. ಆ ಹಲಗೆಯ ಫೋಟೋ ಕೂಡ ತೆಗೆಯಿರಿ, ಒರೆಸಬೇಡಿ.